ಮೈಸೂರು, ಮಂಡ್ಯದ ಸರ್ಕಾರಿ ಕಚೇರಿಗಳಲ್ಲಿ ಯಾರು ಯಾವ ದರ್ಜೆಯಲ್ಲಿದ್ದಾರೆ ಎಂಬ ಲೆಕ್ಕವನ್ನು ಕೇಳೋಣವೇ?

ಕುವೆಂಪುನಗರದ ನಿವೃತ್ತ ಅಧೀಕ್ಷಕ

ಸರ್ಕಾರಿ ಸೇವೆಯಲ್ಲಿ ಎಲ್ಲರಿಗೂ ಸಮಾನ ಅವಕಾಶ ಎಂಬ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ನೇಮಕಾತಿ ಅಧಿಸೂಚನೆಯನ್ನು ದಾಟಿ ಮುಂದಕ್ಕೆ ಹೋಗುವುದಿಲ್ಲ. ಯಾವ ಪ್ರವರ್ಗಕ್ಕೆ ಎಷ್ಟು ಹುದ್ದೆ ಬಂತು, ಕಟ್‌ಆಫ್ ಎಲ್ಲಿ ನಿಂತಿತು, ಯಾರು ನ್ಯಾಯಾಲಯಕ್ಕೆ ಹೋದರು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆಯ್ಕೆಯಾಗಿ ಬಂದವರು ಯಾವ ದರ್ಜೆಯಲ್ಲಿ ಉಳಿದರು, ಯಾರು ಮುಂಬಡ್ತಿ ಪಡೆದರು, ಯಾರಿಗೆ ಖಾಲಿ ಹುದ್ದೆಯ ತಾತ್ಕಾಲಿಕ ಪ್ರಭಾರ ಸಿಕ್ಕಿತು, ಯಾವ ಮೀಸಲು ಹುದ್ದೆ ಭರ್ತಿಯಾಗದೆ ಬ್ಯಾಕ್‌ಲಾಗ್ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿತ್ತು ಎಂಬುದನ್ನು ಹೊರಗಿನವರು ಕೇಳುವುದಿಲ್ಲ, ಒಳಗಿನವರು ಹೇಳುವುದಿಲ್ಲ. ನನ್ನ ಸೇವೆಯ ಬಹುಪಾಲು ಸಿಬ್ಬಂದಿ ಶಾಖೆಯಲ್ಲಿ, ಯಾವ ಹುದ್ದೆ ಯಾವ ಪ್ರವರ್ಗಕ್ಕೆ ಎಂದು ಬರೆದಿಡುವ ರೋಸ್ಟರ್ ವಹಿ ಮತ್ತು ಜ್ಯೇಷ್ಠತಾ ಪಟ್ಟಿಗಳ ನಡುವೆ ಕಳೆಯಿತು. ಆ ವಹಿಗಳು ಕಬ್ಬಿಣದ ಬೀರುವಿನೊಳಗೆ ಇರುವಷ್ಟು ಕಾಲ ಸಮಾನ ಅವಕಾಶದ ಬಗ್ಗೆ ನಾವು ಮಾಡುವ ವಾದಗಳೆಲ್ಲ ಅರ್ಧ ಕತ್ತಲೆಯಲ್ಲೇ ನಡೆಯುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿಷಯವನ್ನು ಮೈಸೂರಿನವರು ಎತ್ತುವುದಕ್ಕೆ ವಿಶೇಷ ಕಾರಣವೂ ಇದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಅದರ ಹಿಂದಿನ ವರ್ಷವಷ್ಟೇ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಹುಟ್ಟಿಕೊಂಡಿತ್ತು. ಸಂಸ್ಥಾನದ ಉದ್ಯೋಗಗಳಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆ ಎಂಬ ದೂರು ಪ್ರಜಾಪ್ರತಿನಿಧಿ ಸಭೆಯವರೆಗೂ ತಲುಪಿತ್ತು. ಸಮಿತಿ 1919ರಲ್ಲಿ ವರದಿ ಕೊಟ್ಟಾಗ, ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು ಮತ್ತು ಕೆಳ ಹಂತದ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಶಿಫಾರಸು ಮಾಡಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನೂರು ವರ್ಷಗಳ ಹಿಂದಿನ ಆ ಸಮಿತಿ ಎಲ್ಲ ಹುದ್ದೆಗಳನ್ನೂ ಒಟ್ಟು ಸೇರಿಸಿ ಒಂದು ಶೇಕಡಾವಾರು ಹೇಳಲಿಲ್ಲ. ಮೇಲಿನ ಹುದ್ದೆಗೆ ಒಂದು ಗುರಿ, ಕೆಳಗಿನ ಹುದ್ದೆಗೆ ಇನ್ನೊಂದು ಗುರಿ ಎಂದು ಬೇರೆಬೇರೆಯಾಗಿ ಹೇಳಿತು. ಜವಾನರು, ಸ್ವಚ್ಛತಾ ಸಿಬ್ಬಂದಿ, ಗುಮಾಸ್ತರು, ಅಧಿಕಾರಿಗಳು ಎಲ್ಲರನ್ನೂ ಒಂದೇ ಮೊತ್ತಕ್ಕೆ ಕೂಡಿಸಿದರೆ ಯಾವ ಕಚೇರಿಯಾದರೂ ನ್ಯಾಯವಾಗಿಯೇ ಕಾಣುತ್ತದೆ ಎಂಬುದು ಅವರಿಗೆ ತಿಳಿದಿತ್ತು ಎಂದು ನಾನು ಭಾವಿಸುತ್ತೇನೆ.

ಆದ್ದರಿಂದ ನನ್ನ ಪ್ರಸ್ತಾಪ ಇಷ್ಟೇ: ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಪ್ರತಿಯೊಂದು ಸರ್ಕಾರಿ ಕಚೇರಿಯೂ ವರ್ಷಕ್ಕೊಮ್ಮೆ ತನ್ನಲ್ಲಿ ಮಂಜೂರಾದ ಹುದ್ದೆಗಳು, ಭರ್ತಿಯಾದವು, ಖಾಲಿ ಇರುವವು, ಅವುಗಳಲ್ಲಿ ಬ್ಯಾಕ್‌ಲಾಗ್ ಎಷ್ಟು ಎಂಬುದನ್ನು ವೃಂದವಾರು, ಅಂದರೆ ಒಂದೊಂದು ಬಗೆಯ ಹುದ್ದೆಗೂ ಬೇರೆಬೇರೆಯಾಗಿ, ಪ್ರಕಟಿಸಬೇಕು. ಅದರೊಂದಿಗೆ ಪ್ರವರ್ಗ, ಮಹಿಳೆಯರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು ಎಷ್ಟೆಷ್ಟು ಎಂಬ ಅಂಕಿಗಳೂ ಇರಬೇಕು. ವೇತನ ಬಿಲ್ಲುಗಳೆಲ್ಲ ಎಚ್‌ಆರ್‌ಎಂಎಸ್ ಎಂಬ ಸಿಬ್ಬಂದಿ ಗಣಕ ವ್ಯವಸ್ಥೆಯ ಮೂಲಕವೇ ಆಗುತ್ತಿರುವಾಗ ಇದಕ್ಕೆ ಹೊಸದಾಗಿ ಯಾವ ಸಮೀಕ್ಷೆಯೂ ಬೇಕಾಗಿಲ್ಲ. ಬಲ್ಲವರು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಸರಸ್ವತಿಪುರಂನ ಸ್ಪರ್ಧಾರ್ಥಿ

ಸರ್, ನಿಮ್ಮ ಪ್ರಸ್ತಾಪವನ್ನು ಒಪ್ಪುತ್ತೇನೆ. ಆದರೆ ಒಳಗೆ ಬರುವುದಕ್ಕೆ ಮುಂಚಿನ ಬಾಗಿಲಿನ ಬಗ್ಗೆಯೂ ಒಂದು ಮಾತು ಸೇರಿಸಬೇಕು. ನಾನು ನಾಗಮಂಗಲ ತಾಲ್ಲೂಕಿನ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದವಳು. ನಿಯಮದ ಪ್ರಕಾರ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5, ಮಹಿಳೆಯರಿಗೆ ಶೇ 33 ಸಮತಲ ಮೀಸಲಾತಿ, ಅಂದರೆ ಪ್ರತಿ ಪ್ರವರ್ಗದ ಒಳಗೇ ಕೊಡುವ ಮೀಸಲಾತಿ ಇದೆ. ಕಾಗದದಲ್ಲಿ ನನ್ನಂಥವಳಿಗೆ ಮೂರು ಬಾಗಿಲು ತೆರೆದಿವೆ. ಆದರೆ 2024ರ ಆಗಸ್ಟ್ 27ರಂದು ನಡೆದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಭಾಷಾಂತರ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರವೇ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ನಡೆದ ಆ ಮರುಪರೀಕ್ಷೆಯಲ್ಲೂ ಕನ್ನಡದ ತಪ್ಪುಗಳ ಬಗ್ಗೆ ದೂರುಗಳು ಬಂದವು. ಪ್ರಶ್ನೆಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಿರುಗಿಸುವ ಪದ್ಧತಿ ಇರುವವರೆಗೆ ಎರಡು ಮಾಧ್ಯಮದವರೂ ಒಂದೇ ಪರೀಕ್ಷೆ ಬರೆಯುತ್ತಿದ್ದಾರೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹುದ್ದೆ ಮೀಸಲಿಟ್ಟು, ಅದನ್ನು ಗೆಲ್ಲಬೇಕಾದ ಪರೀಕ್ಷೆಯಲ್ಲಿ ಅರ್ಥವಾಗದ ಪ್ರಶ್ನೆ ಕೊಡುವುದರಿಂದ ಮೀಸಲಾತಿಯ ಉದ್ದೇಶವೇ ಹಾಳಾಗುತ್ತದೆ.

ಇನ್ನೊಂದು ವಿಷಯ. ಒಳಮೀಸಲಾತಿಯ ತೀರ್ಮಾನಕ್ಕಾಗಿ 2024ರ ಅಕ್ಟೋಬರ್ ಕೊನೆಯಿಂದ ಹೊಸ ಅಧಿಸೂಚನೆಗಳು ನಿಂತವು. ಪರಿಶಿಷ್ಟ ಜಾತಿಗಳೊಳಗೆ ತೀರಾ ಹಿಂದೆ ಉಳಿದವರಿಗೆ ಪಾಲು ಸಿಗಬೇಕೆಂಬ ಬೇಡಿಕೆ ದಶಕಗಳದ್ದು, ನ್ಯಾಯವಾದದ್ದು. ಆದರೆ ಕಾಯುವ ಕಾಲದ ಹೊರೆ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಇಲ್ಲಿ ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿದ್ದು ಓದುವ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಮನೆಯವರು ಕೊಟ್ಟಿದ್ದ ಗಡುವು ಅಷ್ಟರಲ್ಲಿ ಮುಗಿದುಹೋಯಿತು. ವಯೋಮಿತಿ ಸಡಿಲಿಕೆಯನ್ನು ಸರ್ಕಾರ ಕೊಡಬಹುದು, ಮದುವೆಯ ಗಡುವಿಗೆ ಸಡಿಲಿಕೆ ಕೊಡುವವರು ಯಾರು?

ವಿಜಯನಗರದ ನಿವೃತ್ತ ಇಂಜಿನಿಯರ್

ಅಧೀಕ್ಷಕರ ಬಗ್ಗೆ ಗೌರವವಿಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಮೀಸಲಾತಿಗೆ ನಾನು ವಿರೋಧಿಯಲ್ಲ. ನಾನು ಕೆಲಸ ಮಾಡಿದ ವಿಭಾಗದಲ್ಲಿ ಅತ್ಯಂತ ಸಮರ್ಥರಾಗಿದ್ದ ಇಬ್ಬರು ಸಹಾಯಕ ಇಂಜಿನಿಯರುಗಳು ಮೀಸಲು ಹುದ್ದೆಯಲ್ಲಿ ಬಂದವರೇ ಆಗಿದ್ದರು. ನನ್ನ ಆತಂಕ ಬೇರೆ. ಪ್ರತಿ ಕಚೇರಿಯ ಗೋಡೆಯ ಮೇಲೆ ಜಾತಿವಾರು, ಲಿಂಗವಾರು ಪಟ್ಟಿ ಬಂದರೆ ಜನ ಅಧಿಕಾರಿಯ ಕೆಲಸವನ್ನು ನೋಡುವ ಬದಲು ಅವರ ಪ್ರವರ್ಗವನ್ನು ಹುಡುಕಲು ತೊಡಗುತ್ತಾರೆ. ಹನ್ನೆರಡು ಜನರಿರುವ ಉಪವಿಭಾಗ ಕಚೇರಿಯಲ್ಲಿ ಪ್ರವರ್ಗ-1ರ ಮಹಿಳೆ ಒಬ್ಬರು ಎಂದು ಬರೆದರೆ ಆಕೆ ಯಾರೆಂದು ಇಡೀ ಊರಿಗೆ ಗೊತ್ತಾಗುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಂತೂ ಇದು ಅಪಾಯವೇ ಸರಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಮ್ಮ ರಾಜ್ಯದ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆಯೇ. ಆಡಳಿತದ ದಕ್ಷತೆಯನ್ನು ಕಾಪಾಡಬೇಕೆಂದು ಸಂವಿಧಾನದ 335ನೇ ವಿಧಿಯೂ ಹೇಳುತ್ತದೆ. ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗದೆ ಮುಂದುವರಿಯುವುದು ಸರಿಯಲ್ಲ.

ಕುವೆಂಪುನಗರದ ನಿವೃತ್ತ ಅಧೀಕ್ಷಕ

ಇಂಜಿನಿಯರ್ ಸಾಹೇಬರು ಎತ್ತಿದ ಎರಡೂ ಪ್ರಶ್ನೆಗಳು ಗಂಭೀರವಾದವು. ದಕ್ಷತೆಯ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಆ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ ವ್ಯಾಜ್ಯ ನಮ್ಮ ಕರ್ನಾಟಕದ್ದು.

ಮುಂಬಡ್ತಿ ಮೀಸಲಾತಿಗೆ ಬೇಕಾದ ಅಂಕಿಅಂಶವನ್ನು ಸರ್ಕಾರ ಒದಗಿಸಬೇಕು ಎಂದು 2006ರ ನಾಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅಂಥ ಅಂಕಿಅಂಶ ಇಲ್ಲವೆಂಬ ಕಾರಣಕ್ಕೆ ಮೀಸಲಾತಿಯಲ್ಲಿ ಮುಂಬಡ್ತಿ ಪಡೆದವರ ಜ್ಯೇಷ್ಠತೆಯನ್ನು ಕಾಯುತ್ತಿದ್ದ ಕರ್ನಾಟಕದ 2002ರ ಜ್ಯೇಷ್ಠತಾ ಕಾಯ್ದೆ 2017ರ ಬಿ.ಕೆ. ಪವಿತ್ರ ಪ್ರಕರಣದಲ್ಲಿ ಬಿದ್ದುಹೋಯಿತು. ಹಿಂಬಡ್ತಿಯ ಭಯದಲ್ಲಿ ನಮ್ಮ ಶಾಖೆಗಳು ಹೇಗಿದ್ದವು ಎಂಬುದನ್ನು ಆಗ ಸೇವೆಯಲ್ಲಿದ್ದ ಯಾರೂ ಮರೆತಿರಲಾರರು. ಆಮೇಲೆ ಸರ್ಕಾರ ಹಿರಿಯ ಐಎಎಸ್ ಅಧಿಕಾರಿ ರತ್ನಪ್ರಭಾ ಅವರ ಸಮಿತಿ ನೇಮಿಸಿತು. ಆ ಸಮಿತಿ 1984ರಿಂದ 2016ರವರೆಗಿನ ಪ್ರಾತಿನಿಧ್ಯದ ಲೆಕ್ಕವನ್ನು ಇಲಾಖೆಗಳಿಂದ ತರಿಸಿಕೊಂಡಿತು. ಅದರ ಆಧಾರದ ಮೇಲೆ ಬಂದ ಹೊಸ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2019ರ ಮೇ 10ರಂದು ಎತ್ತಿಹಿಡಿಯಿತು. ಸಮಾಜದ ಬೇರೆಬೇರೆ ವರ್ಗಗಳು ಆಡಳಿತದಲ್ಲಿ ಪಾಲ್ಗೊಳ್ಳುವುದು ದಕ್ಷತೆಯ ಭಾಗವೇ ಆಗಿದೆ, ಪರೀಕ್ಷೆಯ ಅಂಕವೊಂದರಿಂದಲೇ ದಕ್ಷತೆಯನ್ನು ಅಳೆಯಲಾಗದು ಎಂಬುದು ಆ ತೀರ್ಪಿನ ಸಾರ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2022ರ ಜನವರಿಯಲ್ಲಿ ಜರ್ನೈಲ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಅಂಕಿಅಂಶವನ್ನು ಎ, ಬಿ, ಸಿ, ಡಿ ಗುಂಪುಗಳಲ್ಲಿ ಒಟ್ಟುಗೂಡಿಸಿದರೆ ಸಾಲದು, ಪ್ರತಿ ವೃಂದವೂ ಒಂದು ಘಟಕವಾಗಬೇಕು ಎಂದು ಹೇಳಿತು. ಗುಂಪುವಾರು ಲೆಕ್ಕ ಸಾಕೆಂದು ನಮ್ಮ ರಾಜ್ಯದ ಪ್ರಕರಣದಲ್ಲಿ ಒಪ್ಪಿಕೊಂಡದ್ದು ಸರಿಯಲ್ಲ ಎಂದೂ ಹೇಳಿತು.

ಇದರಿಂದ ನನಗೆ ಎರಡು ವಿಷಯ ಮನದಟ್ಟಾಗಿವೆ. ನ್ಯಾಯಾಲಯ ಕೇಳಿದಾಗ ಲೆಕ್ಕ ಕೊಡಲು ಇಲಾಖೆಗಳಿಗೆ ಸಾಧ್ಯವಾಯಿತು, ಹಾಗಾದರೆ ಪ್ರಜೆಗಳು ಕೇಳಿದಾಗಲೂ ಸಾಧ್ಯವಾಗಬೇಕು. ಜೊತೆಗೆ, ವೃಂದವಾರು ಲೆಕ್ಕ ಮೊದಲೇ ಬಹಿರಂಗವಾಗಿ ಇದ್ದಿದ್ದರೆ ಎರಡು ದಶಕಗಳ ವ್ಯಾಜ್ಯದ ಬಹಳಷ್ಟು ಭಾಗ ಬೇಕಾಗುತ್ತಿರಲಿಲ್ಲ. ಮೀಸಲು ಪ್ರವರ್ಗದ ನೌಕರರೂ ಸಾಮಾನ್ಯ ವರ್ಗದ ನೌಕರರೂ ಪರಸ್ಪರ ಅನುಮಾನದಲ್ಲಿ ಸೇವೆ ಸವೆಸಬೇಕಾಗಿರಲಿಲ್ಲ. ಬಚ್ಚಿಟ್ಟ ಲೆಕ್ಕಕ್ಕಿಂತ ತೆರೆದಿಟ್ಟ ಲೆಕ್ಕ ಒಡಕನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ನನ್ನ ಅನುಭವದಲ್ಲಿ ಯಾವ ಆಧಾರವೂ ಇಲ್ಲ. ಖಾಸಗಿತನದ ಪ್ರಶ್ನೆಗೆ ಕಾನೂನು ಬಲ್ಲವರು ಯಾರಾದರೂ ಉತ್ತರಿಸಲಿ.

ಮಂಡ್ಯದ ದ್ವಿತೀಯ ದರ್ಜೆ ಸಹಾಯಕ

ಎಲ್ಲರಿಗೂ ನಮಸ್ಕಾರ. ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಸಹಾಯದಿಂದ ಈ ಚರ್ಚೆಯನ್ನು ಪೂರ್ತಿ ಕೇಳಿ ಬರೆಯುತ್ತಿದ್ದೇನೆ. ನಾನು ಅಂಗವಿಕಲರ ಮೀಸಲಾತಿಯಲ್ಲಿ ಆಯ್ಕೆಯಾದವನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು, ಮೀಸಲಾತಿಯನ್ನು ಶೇ 4ಕ್ಕೆ ಏರಿಸಿತು. ಆ ನಾಲ್ಕರಲ್ಲಿ ದೃಷ್ಟಿದೋಷ, ಶ್ರವಣದೋಷ, ಚಲನ ವೈಕಲ್ಯಗಳಿಗೆ ತಲಾ ಒಂದು, ಉಳಿದ ಒಂದು ಆಟಿಸಂ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಮುಂತಾದವುಗಳಿಗೆ ಸೇರಿ. ನಮ್ಮ ರಾಜ್ಯದಲ್ಲಿ ಸಿ ಮತ್ತು ಡಿ ಗುಂಪಿನ ಹುದ್ದೆಗಳಿಗೆ ಶೇ 5 ಇದೆ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಕೆಲಸಕ್ಕೆ ಸೇರಿದ ಮೇಲಿನ ಬದುಕು ಮಾತ್ರ ಅನೇಕರಿಗೆ ಗೊತ್ತಿಲ್ಲ.

ನಾನು ಸೇರಿದ ಮೊದಲ ಕಚೇರಿಯಲ್ಲಿ ನನಗೆ ಕೊಟ್ಟ ಕೆಲಸ, ದೂರವಾಣಿ ಬಂದರೆ ಎತ್ತುವುದು. ಸಂಬಳ ಪೂರ್ತಿ, ಗೌರವಕ್ಕೂ ಕೊರತೆಯಿರಲಿಲ್ಲ, ಕೆಲಸ ಮಾತ್ರ ಇರಲಿಲ್ಲ. ವಿಷಯ ನಿರ್ವಾಹಕನಾಗಿ ಕಡತ ಕೊಡಿ ಎಂದು ಕೇಳಿದಾಗ, ನಿಮಗೇಕೆ ತೊಂದರೆ ಎಂದರು. ಆ ದಯೆಯನ್ನು ದಾಟಿ ಕಡತ ಪಡೆಯುವುದು ಪರೀಕ್ಷೆ ಪಾಸು ಮಾಡುವುದಕ್ಕಿಂತ ಕಷ್ಟವಾಯಿತು. ಕಡತ ನಿರ್ವಹಿಸದವನಿಗೆ ಟಿಪ್ಪಣಿ ಬರೆಯಲು ಬರುವುದಿಲ್ಲ. ಟಿಪ್ಪಣಿ ಬಾರದವನು ಪ್ರಥಮ ದರ್ಜೆ ಸಹಾಯಕನಾದ ದಿನ, ಇವನನ್ನು ಇಟ್ಟುಕೊಂಡು ಏನು ಮಾಡುವುದು ಎಂಬ ಮಾತು ಬರುತ್ತದೆ. ದಕ್ಷತೆ ಇಲ್ಲ ಎನ್ನುವವರು ದಕ್ಷತೆ ಬೆಳೆಯುವ ಕೆಲಸವನ್ನು ಯಾರ ಮೇಜಿನ ಮೇಲೆ ಇಡುತ್ತಿದ್ದಾರೆ ಎಂಬುದನ್ನೂ ನೋಡಬೇಕೆಂದು ಇಂಜಿನಿಯರ್ ಸರ್ ಅವರಲ್ಲಿ ವಿನಂತಿ.

ಕಡತಗಳು ಇ-ಆಫೀಸ್‌ಗೆ ಬಂದಾಗ ನನ್ನಂಥವರಿಗೆ ಬಹಳ ಆಸೆ ಮೂಡಿತು. ಗಣಕದಲ್ಲಿ ಇರುವುದನ್ನು ಸ್ಕ್ರೀನ್ ರೀಡರ್ ಓದಬಲ್ಲದು. ಆದರೆ ಅದರೊಳಗೆ ಸೇರಿಸುವ ಪತ್ರಗಳಲ್ಲಿ ಬಹುಪಾಲು ಕಾಗದವನ್ನು ಸ್ಕ್ಯಾನ್ ಮಾಡಿದ ಚಿತ್ರಗಳು, ಅವು ನನಗೆ ಖಾಲಿ ಹಾಳೆಗಳೇ. ಇನ್ನು ಕೆಲವು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದವು. ಅವು ಎಲ್ಲ ಗಣಕಗಳಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಸಂಕೇತದಲ್ಲಿ ಇಲ್ಲದ ಕಾರಣ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು, ಸ್ಕ್ರೀನ್ ರೀಡರ್ ಅದನ್ನೇ ಉಚ್ಚರಿಸುತ್ತದೆ. ಎಲ್ಲ ಪತ್ರವನ್ನೂ ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಿ ಎಂಬ ಒಂದು ಶಿಸ್ತನ್ನು ಕಚೇರಿಯ ಮುಖ್ಯಸ್ಥರು ಪಾಲಿಸಿದರೆ ಸಾಕು, ನನಗೆ ಸಹಾಯಕರೇ ಬೇಕಾಗುವುದಿಲ್ಲ. ಇದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ. ಈಗ ನಾನಿರುವ ಕಚೇರಿಯಲ್ಲಿ ಶಿರಸ್ತೇದಾರರು ಈ ಶಿಸ್ತನ್ನು ತಂದಿದ್ದಾರೆ. ನಾನು ಎರಡು ವಿಷಯಗಳ ಕಡತ ನಿರ್ವಹಿಸುತ್ತಿದ್ದೇನೆ, ಬಾಕಿ ಇಲ್ಲ.

ಕಾಯ್ದೆಯ 21ನೇ ಕಲಂ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಇದು ನಮ್ಮ ಜಿಲ್ಲೆಯ ಎಷ್ಟು ಕಚೇರಿಗಳ ಜಾಲತಾಣದಲ್ಲಿದೆ ಎಂಬುದನ್ನೂ ಅಧೀಕ್ಷಕರ ಪಟ್ಟಿಗೆ ಸೇರಿಸಬೇಕು.

ಬೋಗಾದಿಯ ತಾಯಿ

ಮಂಡ್ಯದ ಸಹೋದರರ ಬರಹ ಓದಿ ನಾನೂ ಬರೆಯಬೇಕೆನಿಸಿತು. ನನ್ನ ಮಗನಿಗೆ ಕಿವಿ ಕೇಳಿಸುವುದಿಲ್ಲ. 1965ರಲ್ಲಿ ಆರಂಭವಾದ, ನಮ್ಮ ಮಾನಸಗಂಗೋತ್ರಿಯಲ್ಲೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹತ್ತಿರ ಮನೆ ಮಾಡಿಕೊಂಡು ಅವನಿಗೆ ಮಾತು ಕಲಿಸಿದೆವು. ದೇಶದ ನಾನಾ ಕಡೆಯಿಂದ ಜನ ಹುಡುಕಿಕೊಂಡು ಬರುವ ಸಂಸ್ಥೆ ಇರುವ ಊರಿನಲ್ಲಿ, ಕಿವುಡ ನಾಗರಿಕರೊಬ್ಬರು ಯಾವುದಾದರೂ ಸರ್ಕಾರಿ ಕೌಂಟರಿಗೆ ಹೋದರೆ ಸಂಜ್ಞಾಭಾಷೆ ಬಲ್ಲ ಒಬ್ಬ ಸಿಬ್ಬಂದಿಯೂ ಎದುರಾಗುವುದಿಲ್ಲ. ಕಿವುಡ ನೌಕರರು ಹೆಚ್ಚಾದರೆ ಕೆಲಸ ಸಿಗುವುದು ಅವರಿಗೆ, ಸೇವೆ ಸಿಗುವುದು ನಮ್ಮಂಥ ಮನೆಗಳಿಗೆಲ್ಲ.

ಕ್ಷೇತ್ರ ಸಿಬ್ಬಂದಿ, ಮಂಡ್ಯ ಜಿಲ್ಲೆ

ಇಲಾಖೆಯ ಹೆಸರು ಹೇಳಲು ಇಷ್ಟವಿಲ್ಲ, ತಾಲ್ಲೂಕು ಮಟ್ಟದಲ್ಲಿ ಹೊಲಗದ್ದೆ ತಿರುಗುವ ಕೆಲಸ. ನಮ್ಮ ತಂಡಕ್ಕೆ ಈಚಿನ ನೇಮಕಾತಿಗಳಲ್ಲಿ ಸಾಕಷ್ಟು ಮಹಿಳೆಯರು ಬಂದಿದ್ದೇವೆ. ಹೀಗೆ ಬಂದವರಲ್ಲಿ ಕೆಲವರು ಮಹಿಳಾ ಮೀಸಲು ಬೇಕಾಗದಷ್ಟು ಅಂಕ ಪಡೆದವರು. ಮೀಸಲು ಪ್ರವರ್ಗದ ಮಹಿಳೆ ಹೆಚ್ಚು ಅಂಕ ಪಡೆದರೆ ಸಾಮಾನ್ಯ ವರ್ಗದ ಮಹಿಳಾ ಹುದ್ದೆಗೂ ಆಕೆ ಅರ್ಹಳು ಎಂದು 2020ರ ಡಿಸೆಂಬರಿನಲ್ಲಿ ಸೌರವ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ ಮೇಲೆ ಆಯ್ಕೆಪಟ್ಟಿಯ ಗೊಂದಲ ಸ್ವಲ್ಪ ಕಡಿಮೆಯಾಗಿದೆ.

ಆದರೆ ಅಧೀಕ್ಷಕ ಸರ್ ಹೇಳಿದ ಪ್ರಭಾರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ರೋಸ್ಟರಿನ ಕೈಗೆ ಸಿಗದ ಜಾಗ ಅದೇ. ಮುಂಬಡ್ತಿಗೆ ಜ್ಯೇಷ್ಠತೆ ಇದೆ, ನಿಯಮ ಇದೆ. ಮೇಲಿನ ಹುದ್ದೆ ಖಾಲಿಯಾದಾಗ ತಾತ್ಕಾಲಿಕವಾಗಿ ಯಾರಿಗೆ ಪ್ರಭಾರ ಕೊಡಬೇಕೆಂಬುದು ಬಹುಮಟ್ಟಿಗೆ ಮೇಲಧಿಕಾರಿಯ ವಿವೇಚನೆ. ಕರ್ನಾಟಕ ನಾಗರಿಕ ಸೇವಾ ನಿಯಮಗಳ ನಿಯಮ 32ರ ಪ್ರಭಾರ ಎಂದು ಕೊಟ್ಟದ್ದು ಎಷ್ಟೋ ಕಡೆ ವರ್ಷಗಟ್ಟಲೆ ಮುಂದುವರಿಯುತ್ತದೆ. ನಾನು ಕಂಡಂತೆ ಅದು ಮಹಿಳೆಯರಿಗೆ ಸಿಗುವುದು ಅಪರೂಪ. ರಾತ್ರಿ ಹೊತ್ತಿನಲ್ಲಿ ಹೋಗಬೇಕಾಗುತ್ತದೆ, ಮಕ್ಕಳಿದ್ದಾರೆ, ನಿಮಗೇಕೆ ಕಷ್ಟ ಎಂಬ ಅದೇ ಮಾತನ್ನು ನಾನೂ ಕೇಳಿದ್ದೇನೆ. ಕೇಳದೆಯೇ ನನ್ನ ಪರವಾಗಿ ನಿರ್ಧಾರ ಮಾಡುವುದನ್ನು ಕಾಳಜಿ ಎಂದು ಹೇಗೆ ಒಪ್ಪಲಿ?

ನಮ್ಮ ಪಕ್ಕದ ಕೊಡಗಿನ ಸಿ.ಬಿ. ಮುತ್ತಮ್ಮ ಅವರು ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾಗಲು ಮಹಿಳಾ ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕು ಎಂಬ ನಿಯಮ ಆ ಸೇವೆಯಲ್ಲಿತ್ತು. ಮುಂಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಅಂಥ ನಿಯಮಗಳಲ್ಲಿದ್ದ ತಾರತಮ್ಯವನ್ನು ಕಟುವಾಗಿ ಟೀಕಿಸಿತು. ಅವರ ಕಾಲದಲ್ಲಿ ತಾರತಮ್ಯ ನಿಯಮದ ಪುಸ್ತಕದಲ್ಲೇ ಬರೆದಿತ್ತು, ಹಾಗಾಗಿ ಅದನ್ನು ತೋರಿಸಿ ವಾದಿಸಲು ಸಾಧ್ಯವಾಯಿತು. ನಮ್ಮದು ಎಲ್ಲಿಯೂ ಬರೆದಿಲ್ಲ. ಅದಕ್ಕೇ ನನಗೆ ಅಂಕಿಗಳು ಬೇಕು: ಕಳೆದ ಐದು ವರ್ಷಗಳಲ್ಲಿ ಪ್ರಭಾರ ಕೊಟ್ಟದ್ದು ಯಾರ್ಯಾರಿಗೆ, ಅವರಲ್ಲಿ ಮಹಿಳೆಯರೆಷ್ಟು, ಅದೇ ಜ್ಯೇಷ್ಠತಾ ಪಟ್ಟಿಯಲ್ಲಿ ಅವರಿಗಿಂತ ಮೇಲಿದ್ದ ಮಹಿಳೆಯರೆಷ್ಟು.

ಶೌಚಾಲಯದ ಬಗ್ಗೆ ಬರೆಯಲು ಸಂಕೋಚವಾದರೂ ಬರೆಯುತ್ತೇನೆ. ದಿನವಿಡೀ ಹೊರಗಿರುವ ಮಹಿಳಾ ಸಿಬ್ಬಂದಿ ನೀರು ಕುಡಿಯದೆ ಇರುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಹೋಬಳಿ ಮಟ್ಟದ ನಾಡಕಚೇರಿ, ರೈತ ಸಂಪರ್ಕ ಕೇಂದ್ರ, ಗ್ರಾಮ ಪಂಚಾಯಿತಿ ಕಟ್ಟಡಗಳಲ್ಲಿ ಬೀಗ ಹಾಕದ, ನೀರಿರುವ ಒಂದು ಶೌಚಾಲಯವನ್ನು ಎಲ್ಲ ಇಲಾಖೆಗಳ ಕ್ಷೇತ್ರ ಸಿಬ್ಬಂದಿಗೆ ತೆರೆದಿಟ್ಟರೆ ಶೇ 33 ಎಂಬ ಅಂಕಿಗೆ ಒಂದು ಅರ್ಥ ಬರುತ್ತದೆ.

ಪಾಂಡವಪುರದ ಡೇಟಾ ಎಂಟ್ರಿ ಆಪರೇಟರ್

ನೀವೆಲ್ಲರೂ ರೋಸ್ಟರ್ ಒಳಗಿರುವವರ ಬಗ್ಗೆ ಮಾತನಾಡುತ್ತಿದ್ದೀರಿ. ನಾನು ಕೆಲಸ ಮಾಡುವ ಕಚೇರಿಯಲ್ಲಿ ಗಣಕದ ಮುಂದೆ ಕೂತಿರುವ ನಮ್ಮಲ್ಲಿ ಹೆಚ್ಚಿನವರು ಹೊರಗುತ್ತಿಗೆಯವರು. ನಮ್ಮ ಹೆಸರು ಯಾವ ಜ್ಯೇಷ್ಠತಾ ಪಟ್ಟಿಯಲ್ಲೂ ಇಲ್ಲ. ಟೆಂಡರ್ ಮುಗಿದು ಏಜೆನ್ಸಿ ಬದಲಾದರೆ ಅದೇ ಕುರ್ಚಿಯಲ್ಲಿ ಅದೇ ಕೆಲಸ ಮಾಡುತ್ತಿದ್ದರೂ ಹೊಸ ಏಜೆನ್ಸಿಯ ಲೆಕ್ಕದಲ್ಲಿ ನಾವು ಹೊಸಬರು. ನನ್ನ ಜೊತೆಯವಳೊಬ್ಬಳಿಗೆ ಹೆರಿಗೆಯ ಹೊತ್ತಿಗೆ ಸರಿಯಾಗಿ ಏಜೆನ್ಸಿ ಬದಲಾಯಿತು. ಮರಳಿ ಬರುವಷ್ಟರಲ್ಲಿ ಅವಳ ಜಾಗದಲ್ಲಿ ಬೇರೊಬ್ಬರಿದ್ದರು. ಖಾಯಂ ನೌಕರರಿಗೆ 180 ದಿನ ಹೆರಿಗೆ ರಜೆ, ಅದರ ಮೇಲೆ ಮಕ್ಕಳ ಆರೈಕೆಗೆ ಇನ್ನೂ 180 ದಿನ ಇದೆ ಎಂದು ಕೇಳಿದಾಗ ಅಸೂಯೆಯಾಗುವುದಿಲ್ಲ, ಒಂದೇ ಛಾವಣಿಯ ಕೆಳಗೆ ಎರಡು ನ್ಯಾಯ ಹೇಗೆ ಎಂದು ಮಾತ್ರ ಅನಿಸುತ್ತದೆ.

2024ರ ಮೇ ತಿಂಗಳಲ್ಲಿ ಸರ್ಕಾರ ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಬೇಕು, ಮಹಿಳೆಯರಿಗೆ ಶೇ 33 ಕೊಡಬೇಕು ಎಂದು ಆದೇಶಿಸಿದೆ. ಆದರೆ 20ಕ್ಕಿಂತ ಕಡಿಮೆ ಸಿಬ್ಬಂದಿ ಇರುವ ಕಡೆ ಅದು ಅನ್ವಯಿಸುವುದಿಲ್ಲ. ತಾಲ್ಲೂಕು ಕಚೇರಿಯೊಂದಕ್ಕೆ ನಾಲ್ಕೈದು ಜನರನ್ನು ತೆಗೆದುಕೊಂಡರೆ ಆದೇಶದ ಹೊರಗೇ ಉಳಿಯುವುದಿಲ್ಲವೇ? ಇಡೀ ಜಿಲ್ಲೆಗೆ ಒಂದೇ ಲೆಕ್ಕ ಹಿಡಿಯಬೇಕು ಎಂದು ನನ್ನ ಕೋರಿಕೆ. ಹೊರಗುತ್ತಿಗೆಯವರನ್ನು ಬಿಟ್ಟು ಲೆಕ್ಕ ಪ್ರಕಟಿಸಿದರೆ ಅದು ನಿಜವಾದ ಕಚೇರಿಯ ಲೆಕ್ಕವೇ ಅಲ್ಲ.

ಮಂಡ್ಯದ ವಕೀಲೆ

ಪಾಂಡವಪುರದ ತಂಗಿ ಎತ್ತಿದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. 2006ರ ಉಮಾದೇವಿ ತೀರ್ಪು ಕರ್ನಾಟಕ ಸರ್ಕಾರದ ಪ್ರಕರಣವೇ. ನೇಮಕಾತಿ ನಿಯಮ ಪಾಲಿಸದೆ ತಾತ್ಕಾಲಿಕವಾಗಿ ಸೇರಿಸಿಕೊಂಡವರಿಗೆ ಖಾಯಮಾತಿಯ ಹಕ್ಕಿಲ್ಲ, ಏಕೆಂದರೆ ಅದರಿಂದ ಹೊರಗೆ ಕಾಯುತ್ತಿರುವ ಅರ್ಹರ ಸಮಾನ ಅವಕಾಶ ಹೋಗುತ್ತದೆ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಸಮಾನತೆಯ ದೃಷ್ಟಿಯಿಂದ ಅದರ ತರ್ಕ ಸರಿ. ಆದರೆ ಸರ್ಕಾರಗಳು ಆ ತೀರ್ಪಿನಿಂದ, ಖಾಯಂ ಹುದ್ದೆ ತುಂಬಬೇಕು ಎಂಬ ಪಾಠವನ್ನು ಬಿಟ್ಟು, ತಾತ್ಕಾಲಿಕ ನೌಕರರನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಳ್ಳಬಾರದು ಎಂಬ ಪಾಠವನ್ನಷ್ಟೇ ಕಲಿತವು. ಮಧ್ಯೆ ಏಜೆನ್ಸಿ ಬಂತು, ಹುದ್ದೆ ಸರ್ಕಾರದ್ದಾಗಿ ಉಳಿಯಲಿಲ್ಲ, ಹುದ್ದೆಯೇ ಇಲ್ಲದ ಮೇಲೆ ರೋಸ್ಟರ್ ಎಲ್ಲಿಯದು! ಸಂಬಳದ ವಿಷಯದಲ್ಲಿ, ಸಮಾನ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೆ ಸಮಾನ ವೇತನ ಸಿಗಬೇಕು ಎಂದು 2016ರ ಜಗ್‌ಜೀತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏಜೆನ್ಸಿ ಮೂಲಕ ಬಂದವರಿಗೆ ಅದನ್ನು ಅನ್ವಯಿಸಲು ಹೋರಾಡಲೇಬೇಕಾಗುತ್ತದೆ.

ಇನ್ನು ಖಾಸಗಿತನ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ನೌಕರರ ಹೆಸರು, ಪದನಾಮ, ವೇತನವನ್ನು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕು. ಆದರೆ 2023ರ ದತ್ತಾಂಶ ರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ ವೈಯಕ್ತಿಕ ಮಾಹಿತಿಗೆ ಇದ್ದ ರಕ್ಷಣೆಯನ್ನು ಬಿಗಿಗೊಳಿಸಿದೆ. ಆದ್ದರಿಂದ ಯಾರೊಬ್ಬರ ಜಾತಿಯನ್ನೋ ಅಂಗವೈಕಲ್ಯವನ್ನೋ ಕೇಳಬಾರದು, ಬರೀ ಸಂಖ್ಯೆ ಕೇಳಬೇಕು. ಇಂಜಿನಿಯರ್ ಸರ್ ಹೇಳಿದ ಸಣ್ಣ ಕಚೇರಿಯ ತೊಂದರೆಗೆ ಪರಿಹಾರವಿದೆ: ಸಂಖ್ಯೆ ಐದಕ್ಕಿಂತ ಕಡಿಮೆ ಇರುವ ಕಡೆ ನಿಖರ ಅಂಕಿ ಕೊಡದೆ, ಐದಕ್ಕಿಂತ ಕಡಿಮೆ ಎಂದಷ್ಟೇ ಬರೆದು, ಜಿಲ್ಲಾ ಮಟ್ಟದಲ್ಲಿ ಒಟ್ಟುಗೂಡಿಸಬಹುದು. ಲಿಂಗತ್ವ ಅಲ್ಪಸಂಖ್ಯಾತರ ಶೇ 1 ಸಮತಲ ಮೀಸಲಾತಿ 2021ರಲ್ಲಿ ಬಂದದ್ದು, ಅಂಥ ಅಭ್ಯರ್ಥಿ ಸಿಗದಿದ್ದರೆ ಹುದ್ದೆ ಅದೇ ಪ್ರವರ್ಗದ ಇತರರಿಗೆ ಹೋಗುತ್ತದೆ. ಅವರ ವಿಷಯದಲ್ಲಿ ಕಚೇರಿವಾರು ಅಂಕಿ ಬೇಡವೇ ಬೇಡ. ಎಷ್ಟು ಹುದ್ದೆ ಮೀಸಲಿಟ್ಟಿರಿ, ಎಷ್ಟು ಭರ್ತಿಯಾದವು, ಎಷ್ಟು ಇತರರಿಗೆ ಹೋದವು ಎಂದು ನೇಮಕಾತಿ ಪ್ರಾಧಿಕಾರಗಳನ್ನು ಕೇಳಿದರೆ ಸಾಕು.

ಪೌರಕಾರ್ಮಿಕರ ಮಗ, ಮೈಸೂರು

ನಮ್ಮ ಊರು ದೇಶದ ಸ್ವಚ್ಛ ನಗರ ಎಂದು ಹೆಸರು ಪಡೆದಾಗ ಎಲ್ಲರೂ ಸಂತೋಷಪಟ್ಟೆವು. ಆ ಸ್ವಚ್ಛತೆಯ ಕೆಲಸದಲ್ಲಿ ನನ್ನ ಅಪ್ಪನ ಜೊತೆಗೆ ಬೆಳಿಗ್ಗೆ ಪೊರಕೆ ಹಿಡಿಯುತ್ತಿದ್ದವರೆಲ್ಲ ನಮ್ಮ ಕೇರಿಯವರೇ. ಒಂದು ವೃಂದದಲ್ಲಿ ಒಂದೇ ಸಮುದಾಯದವರು ತುಂಬಿರುವುದನ್ನು ಮೇಲಿನ ಹುದ್ದೆಗಳಲ್ಲಿ ಅನ್ಯಾಯ ಎನ್ನುತ್ತೇವೆ, ಕೆಳಗಿನ ಹುದ್ದೆಯಲ್ಲಿ ಅದೇ ನಡೆದರೆ ಯಾರಿಗೂ ಪ್ರಶ್ನೆಯೇ ಏಳುವುದಿಲ್ಲ. ಅಧೀಕ್ಷಕರು ಮೊದಲ ಬರಹದಲ್ಲಿ ಒಟ್ಟು ಮೊತ್ತದ ಬಗ್ಗೆ ಹೇಳಿದ ಮಾತು ನೂರಕ್ಕೆ ನೂರು ನಿಜ. ನಮ್ಮ ಜನರ ಸಂಖ್ಯೆಯಿಂದ ಪಾಲಿಕೆಯ ಶೇಕಡಾವಾರು ಚೆನ್ನಾಗಿ ಕಾಣಿಸಬಹುದು. ಪೌರಕಾರ್ಮಿಕರಾಗಿ ಸೇರಿದವರಲ್ಲಿ, ವಿದ್ಯಾರ್ಹತೆ ಇದ್ದೂ ಬೇರೆ ವೃಂದಕ್ಕೆ ಮುಂಬಡ್ತಿ ಪಡೆದವರು ಎಷ್ಟು ಎಂಬುದನ್ನೂ ಕೇಳಬೇಕು. ಅಪ್ಪನ ಜೊತೆಯವರಲ್ಲಿ ಪದವಿ ಓದಿದವರಿದ್ದರು.

ವಿಜಯನಗರದ ನಿವೃತ್ತ ಇಂಜಿನಿಯರ್

ವಕೀಲರು ಸೂಚಿಸಿದ ಷರತ್ತುಗಳಿದ್ದರೆ ಖಾಸಗಿತನದ ಬಗ್ಗೆ ನನ್ನ ಆಕ್ಷೇಪ ಉಳಿಯುವುದಿಲ್ಲ. ಜನ ಪ್ರವರ್ಗ ಹುಡುಕುತ್ತಾರೆ ಎಂಬ ಆತಂಕ ಇನ್ನೂ ಇದೆ, ಅದನ್ನು ಮರೆಮಾಚುವುದಿಲ್ಲ. ಆದರೆ ಮಂಡ್ಯದ ಸಹಾಯಕರು ಬರೆದುದನ್ನು ಎರಡು ಸಲ ಓದಿದೆ. ಕೆಲಸ ಹಂಚುವ ಅಧಿಕಾರ ನನ್ನ ಕೈಯಲ್ಲೂ ಬಹಳ ಕಾಲ ಇತ್ತು. ಅರ್ಜಿ ಹಾಕುವುದಾದರೆ ತಾಂತ್ರಿಕ ಇಲಾಖೆಗಳ ವೃಂದಗಳ ಪಟ್ಟಿಯನ್ನು ನಾನು ಸಿದ್ಧಪಡಿಸಿಕೊಡುತ್ತೇನೆ. ಒಂದೇ ಹುದ್ದೆ ಇರುವ ವೃಂದಕ್ಕೆ ಮೀಸಲಾತಿ ಅನ್ವಯಿಸುವುದಿಲ್ಲ ಎಂದು 1998ರಲ್ಲೇ ತೀರ್ಮಾನವಾಗಿದೆ, ಅಂಥವನ್ನು ಪಟ್ಟಿಯಲ್ಲಿ ಬೇರೆಯಾಗಿ ತೋರಿಸಬೇಕು. ಇಲ್ಲದಿದ್ದರೆ ತಪ್ಪು ಅರ್ಥ ಬರುತ್ತದೆ.

ಮಂಡ್ಯದ ವಕೀಲೆ

ಬಹಳ ಸಂತೋಷ ಸರ್. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದ್ದರಿಂದ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ತಿರಸ್ಕಾರವಾಗುತ್ತದೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಮೊದಲ ಅರ್ಜಿಯ ಕರಡು ಹೀಗಿರಲಿ:

"ತಮ್ಮ ಕಚೇರಿಯ ಪ್ರತಿ ವೃಂದದಲ್ಲಿ ಈ ವರ್ಷದ ಮಾರ್ಚ್ 31ಕ್ಕೆ ಇದ್ದಂತೆ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಹುದ್ದೆಗಳ ಸಂಖ್ಯೆ, ಖಾಲಿ ಹುದ್ದೆಗಳಲ್ಲಿ ಬ್ಯಾಕ್‌ಲಾಗ್ ಸಂಖ್ಯೆ ಮತ್ತು ಅವು ಖಾಲಿಯಾದ ವರ್ಷ, ಭರ್ತಿಯಾದ ಹುದ್ದೆಗಳಲ್ಲಿ ಪ್ರವರ್ಗವಾರು, ಮಹಿಳೆಯರ ಮತ್ತು ಅಂಗವಿಕಲರ ಸಂಖ್ಯೆ, ಹೆಸರುಗಳಿಲ್ಲದೆ, ಐದಕ್ಕಿಂತ ಕಡಿಮೆ ಇರುವ ಸಂಖ್ಯೆಯನ್ನು ಹಾಗೆಂದೇ ನಮೂದಿಸಿ ಒದಗಿಸುವುದು."

ಪ್ರಭಾರದ ಬಗ್ಗೆ ಎರಡನೆಯದು, ಹೊರಗುತ್ತಿಗೆಯ ಬಗ್ಗೆ ಮೂರನೆಯದು, ಪೌರಕಾರ್ಮಿಕರ ಮುಂಬಡ್ತಿಯ ಬಗ್ಗೆ ಪಾಲಿಕೆಗೆ ನಾಲ್ಕನೆಯದು ಪ್ರತ್ಯೇಕವಾಗಿ ಹೋಗಲಿ.

ಮಂಡ್ಯದ ದ್ವಿತೀಯ ದರ್ಜೆ ಸಹಾಯಕ

ಮೇಡಂ, ಕರಡಿನ ಕೊನೆಗೆ "ಯೂನಿಕೋಡ್ ಅಕ್ಷರದ ವಿದ್ಯುನ್ಮಾನ ಪ್ರತಿಯಲ್ಲಿ" ಎಂಬ ಮಾತು ಸೇರಿಸಿ. ಸ್ಕ್ಯಾನ್ ಪ್ರತಿ ಕೊಟ್ಟರೆ ಅಂಕಿಗಳನ್ನು ಕೂಡಿಸುವ ಕೆಲಸಕ್ಕೆ ನಾನು ಬರಲಾಗುವುದಿಲ್ಲ, ಆ ಕೆಲಸವನ್ನು ನಾನೇ ಮಾಡಬೇಕೆಂದಿದ್ದೇನೆ.

ಕುವೆಂಪುನಗರದ ನಿವೃತ್ತ ಅಧೀಕ್ಷಕ

ಸೇರಿಸಿದೆ. ನೌಕರರು ತಮ್ಮದೇ ಕಚೇರಿಗೆ ಅರ್ಜಿ ಹಾಕುವುದು ಬೇಡ, ಕಿರಿಕಿರಿಗೆ ದಾರಿಯಾಗುತ್ತದೆ. ಮೈಸೂರಿನಲ್ಲಿ ಸಿದ್ಧಾರ್ಥನಗರದ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಮತ್ತು ಪಾಲಿಕೆಗೆ ನಾನು, ಇಂಜಿನಿಯರ್ ಸಾಹೇಬರು ಹಾಗೂ ಬೋಗಾದಿಯ ತಾಯಿಯವರು ಒಪ್ಪಿದರೆ ಅವರು ಸೇರಿ ಹಾಕುತ್ತೇವೆ. ಮಂಡ್ಯದ ಜಿಲ್ಲಾಧಿಕಾರಿ ಕಚೇರಿ ಮತ್ತು ಜಿಲ್ಲಾ ಪಂಚಾಯಿತಿ ವಕೀಲರಿಗೆ. ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆ, ನಂಜನಗೂಡು, ಹುಣಸೂರು ತಾಲ್ಲೂಕುಗಳಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಅಲ್ಲಿನ ನಿವೃತ್ತ ನೌಕರರು ಯಾರಾದರೂ ಇದನ್ನು ಓದುತ್ತಿದ್ದರೆ ತಾಲ್ಲೂಕಿನ ಹೆಸರು ಬರೆದು ತಿಳಿಸಿ, ಕರಡನ್ನು ಕಳುಹಿಸಿಕೊಡುತ್ತೇನೆ.